ಸಕ್ಕರೆ ನೀರಿನ ಬಾಟಲಿಯ ಒಡೆಯರಿಗೆ

ನಮ್ಮ ಹಿತ್ತಿಲ ಜಗಲಿಯಲ್ಲಿ ತೂಗುವ ಸಕ್ಕರೆ ನೀರಿನ ಬಾಟಲಿಗೆ ಏಕಮಾತ್ರ ಒಡೆಯರೂ, ಟೊಮೇಟೊ ಗಿಡಕ್ಕೆ ಕಟ್ಟಿದ ತಂತಿಯ ತುದಿಯನ್ನೇ ಸಿಂಹಾಸನ ಮಾಡಿಕೊಂಡವರೂ, ಹೆಬ್ಬೆರಳಿನಷ್ಟು ಗಾತ್ರದವರೂ ಆದ ಹಮ್ಮಿಂಗ್‌ಬರ್ಡ್ ಮಹಾಶಯರಿಗೆ ಒಹಾಯೋದ ಆರ್ಲೀನ್ ಕ್ರೌಚ್ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಮ್ಮ ಆಡಳಿತದ ಬಗ್ಗೆ ನನಗೆ ಅಪಾರ ಗೌರವವಿದೆ. ನಾಲ್ಕು ಲೋಟ ನೀರಿಗೆ ಒಂದು ಲೋಟ ಸಕ್ಕರೆ ಹಾಕಿ, ಕುದಿಸಿ, ಆರಿಸಿ ನಾನು ಬಾಟಲಿ ತುಂಬಿಸುವುದು ಬಂದ ಹಕ್ಕಿಗಳೆಲ್ಲ ಕುಡಿಯಲೆಂದು. ತಾವಾದರೋ ಬೇರೊಂದು ಹಕ್ಕಿ ಕೊಕ್ಕು ಚಾಚುವಷ್ಟರಲ್ಲಿ ಎರಗಿ, ಅದನ್ನು ಬೇಲಿಯಾಚೆ ಅಟ್ಟಿ, ಒಂದು ಗುಟುಕೂ ಕುಡಿಯದೆ ಮತ್ತೆ ಬಂದು ಕೂರುತ್ತೀರಿ. ತಿಳಿದವರ ಮಾತು ಕೇಳಿ ಮನೆಯ ಮುಂದೆ ಇನ್ನೊಂದು ಬಾಟಲಿ ತೂಗುಹಾಕಿದೆ. ತಾವು ಸೂರಿನ ನೆತ್ತಿಗೆ ಬಡ್ತಿ ಪಡೆದು ಎರಡನ್ನೂ ಕಾಯತೊಡಗಿದಿರಿ. ನಮ್ಮೂರ ಪೊಲೀಸರನ್ನು ತಮ್ಮಲ್ಲಿಗೆ ತರಬೇತಿಗೆ ಕಳುಹಿಸಬೇಕೆಂದಿದ್ದೇನೆ.

ಇದನ್ನೆಲ್ಲ ನುಂಗಿಕೊಂಡೇನು. ಆದರೆ ತಮ್ಮಿಂದಾಗಿ ವೆಂಡೆಲ್ ನನ್ನ ಜಗಲಿ ಹತ್ತುವುದನ್ನೇ ಬಿಟ್ಟಿದ್ದಾನಲ್ಲ, ಅದನ್ನು ಹೇಗೆ ಸಹಿಸಲಿ? ಪಕ್ಕದ ಮನೆಯ ಈ ಮುದುಕ ಬೇಸಿಗೆಯುದ್ದಕ್ಕೂ ಸಂಜೆ ಬಂದು, ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಐಸ್ ಹಾಕಿದ ಚಹಾ ಹೀರುತ್ತ, ತಮ್ಮ ಪೌರುಷ ನೋಡಿ ಚಪ್ಪಾಳೆ ತಟ್ಟುತ್ತಿದ್ದ. ಸೆಪ್ಟೆಂಬರಿನ ಕಾರ್ಮಿಕ ದಿನದ ರಜೆ ಬಂತು ನೋಡಿ, ಬಾಟಲಿ ಇಳಿಸೆಂದು ಹಟ ಹಿಡಿದ. “ಆರ್ಲೀನ್, ನೀನು ಹಿಂಗೆ ಕೂರಿಸ್ಕೊಂಡು ಕುಡಿಸ್ತಾ ಇದ್ರೆ ಅದು ದಕ್ಷಿಣಕ್ಕೆ ವಲಸೆ ಹೋಗೋದೇ ಮರ್ತು ಇಲ್ಲೇ ಚಳೀಲಿ ಸೆಟೆದು ಸಾಯುತ್ತೆ. ಆ ಪಾಪ ನಿಂದೇ!” ಎಂದ. ಹೊತ್ತು ಬಂದಾಗ ಹಕ್ಕಿ ತಾನಾಗಿಯೇ ಹೋಗುತ್ತದೆ, ಅಷ್ಟು ದೂರದ ದಾರಿಗೆ ಮೈಯಲ್ಲಿ ಕೊಬ್ಬು ಬೇಡವೇ ಎಂದೆ. “ನಿಂಗೆ ಬುದ್ಧಿ ಹೇಳೋಕೆ ಬಂದ ನಂಗೇ ಬುದ್ಧಿ ಇಲ್ಲ!” ಎಂದು ಟೋಪಿ ಕೊಡವಿ ಹೊರಟವನು ಇತ್ತ ತಲೆ ಹಾಕಿಲ್ಲ. ಆ ಖಾಲಿ ಕುರ್ಚಿ ನೋಡಿದರೆ ನನಗೆ ಅಳು ಬರುತ್ತದೆ, ಸ್ವಾಮಿ.

ಮೇಪಲ್ ಎಲೆಗಳು ಆಗಲೇ ಕೆಂಪಾಗಿವೆ. ಆದ್ದರಿಂದ ಇಬ್ಬನಿ ಹೆಪ್ಪುಗಟ್ಟುವ ಮುನ್ನ ತಾವು ದಯವಿಟ್ಟು ಹೊರಡಬೇಕು. ಹೊರಡುವಾಗ ವೆಂಡೆಲನ ಅಡುಗೆಮನೆಯ ಕಿಟಕಿಯ ಮುಂದೆ ಎರಡು ಸುತ್ತು ಹಾಕಿ, ಸ್ವಂತ ಇಚ್ಛೆಯಿಂದಲೇ ಹೋಗುತ್ತಿರುವುದಾಗಿ ಅವನಿಗೆ ಮನವರಿಕೆ ಮಾಡಿಕೊಡಬೇಕು. ಮೆಕ್ಸಿಕೋ ಕೊಲ್ಲಿ ದಾಟಿದ ಮೇಲೆ ಅವನ ವಿಳಾಸಕ್ಕೆ ಕ್ಷೇಮ ಸಮಾಚಾರ ಬರೆದರಂತೂ ಮಹದುಪಕಾರ.

ಬೈಸಿಕೊಂಡೂ ಸಕ್ಕರೆ ಕುದಿಸುತ್ತಿರುವ
ತಮ್ಮ ವಿಶ್ವಾಸಿ,
ಆರ್ಲೀನ್ ಕ್ರೌಚ್

ತಾ.ಕ.: ಪತ್ರ ಮುಗಿಸಿ ಮಹಡಿಯ ಕಿಟಕಿ ತೆರೆದರೆ ಕಂಡಿದ್ದೇನು! ವೆಂಡೆಲ್ ತನ್ನ ಗ್ಯಾರೇಜಿನ ಹಿಂದೆ ಗುಟ್ಟಾಗಿ ತೂಗುಹಾಕಿರುವ ಬಾಟಲಿಗೆ ತಾವು ಕೊಕ್ಕಿಟ್ಟಿದ್ದೀರಿ. ಅವನು ಬಕೆಟ್ ಬೋರಲು ಹಾಕಿ ಕೂತು ಒಬ್ಬನೇ ಚಪ್ಪಾಳೆ ತಟ್ಟುತ್ತಿದ್ದಾನೆ. ಬಕೆಟ್ಟಿಗಿಂತ ನನ್ನ ಕುರ್ಚಿ ಮೆತ್ತಗಿದೆಯೆಂದು ಆ ಕಳ್ಳನಿಗೆ ತಿಳಿಸಿ. ಬರುವಾಗ ಅವನ ಬಾಟಲಿಯನ್ನೂ ತರಲಿ. ಸಕ್ಕರೆ ಕಡಿಮೆ ಹಾಕಿರುತ್ತಾನೆ, ನನಗೆ ಗೊತ್ತು.