ಚೀಲದಲ್ಲಿ ಹೋದ ಬೆಕ್ಕು

ಬೆಕ್ಕಿಗೆ ಒಂದು ಹೊತ್ತು ಅನ್ನ ಹಾಕಿದರೆ ಸಾಕು, ಊರಿನವರ ಬಾಯಿಗೆ ಬೀಳೋದಕ್ಕೆ ಬೇರೇನೂ ಮಾಡಬೇಕಾಗಿಲ್ಲ. ಹಿರಿಯೂರಿನ ಕೊಬ್ಬರಿ ಮಂಡಿ ಹಿಂದಿನ ಬೀದಿಯಲ್ಲಿ ಮನೆಯಲ್ಲೇ ಕೂತು ಬ್ಲೌಸ್ ಹೊಲಿಯೋಳು ನಾನು. ಒಂದು ಬೂದು ಹೆಣ್ಣು ಬೆಕ್ಕಿಗೆ ದಿನಾ ಹಾಲನ್ನ ಹಾಕ್ತೀನಿ. ಅದು ಮಂಡಿಯಲ್ಲಿ ಇಲಿ ಹಿಡಿದರೆ ಬೀದಿ ಬೆಕ್ಕು. ಯಾರ ಮನೆ ಹಾಲಿಗಾದರೂ ಬಾಯಿ ಹಾಕಿದರೆ ಬ್ಲೌಸ್ ಅಕ್ಕನ ಬೆಕ್ಕು. ಇಂಥ ನ್ಯಾಯ ನಮ್ಮ ಬೀದಿಯಲ್ಲಿ ವಾರಕ್ಕೊಂದಾದರೂ ನಡೆಯುತ್ತೆ.

ಅಡ್ಡ ಬಂದದ್ದು

ಎದುರು ಮನೆ ಕೊಬ್ಬರಿ ಸಾಹುಕಾರರು ಮಗನಿಗೆ ಹೆಣ್ಣು ನೋಡೋಕೆ ಹೊಸದುರ್ಗಕ್ಕೆ ಹೊರಟಿದ್ರು. ಕಾರಿನ ಮುಂದೆ ಬೆಕ್ಕು ಹಾಯ್ತು. ಇಳಿದು ನೇರ ನನ್ನ ಬಾಗಿಲಿಗೆ ಬಂದ್ರು.

"ಏನಕ್ಕ, ಶುಭಕಾರ್ಯಕ್ಕೆ ಹೊಂಟಾಗ್ಲೇ ಬಿಡ್ತೀರಲ್ಲ ಅದನ್ನ?"

"ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಹೊರಡ್ರಿ, ಏನೂ ಆಗಲ್ಲ" ಅಂದೆ.

ಕುಡಿದು ಹೊರಟ್ರು. ಹೆಣ್ಣು ಒಪ್ಪಿಗೆ ಆಯ್ತು, ಮದುವೇನೂ ಆಯ್ತು. ಲಾಡು ನನ್ನ ಮನೆಗೂ ಬರಲಿಲ್ಲ, ಬೆಕ್ಕಿಗೂ ಸಿಗಲಿಲ್ಲ. ಅತ್ತೆ ಸೊಸೆ ಜಗಳ ಬೀದಿಗೆಲ್ಲ ಕೇಳೋಕೆ ಶುರುವಾದಾಗ ಸಾಹುಕಾರರು ಮತ್ತೆ ಬಂದ್ರು. "ಅವತ್ತು ಇನ್ನೊಂದು ಸಲ ಅಡ್ಡ ಬಂದಿದ್ರೆ ನಾವು ಹೋಗ್ತಾನೇ ಇರ್ಲಿಲ್ಲ. ಅಷ್ಟೂ ಜವಾಬ್ದಾರಿ ಬ್ಯಾಡ್ವೇನಕ್ಕ ನಿಮ್ಮ ಬೆಕ್ಕಿಗೆ?"

ಬೀದಿಯ ದಯೆ

ಅದೇ ಮನೆಯಲ್ಲಿ ಒಂದು ದಿನ ಕೆನೆಮೊಸರು ಖಾಲಿಯಾಯ್ತು. ತಿಂದದ್ದು ಯಾರೋ ಶಿವನೇ ಬಲ್ಲ. ಸೊಸೆ ಬೆಕ್ಕಿನ ಕಡೆ ಕೈ ತೋರಿಸಿದ್ಲು. ಸಾಯಂಕಾಲ ಗುಡಿ ಕಟ್ಟೆ ಮೇಲೆ ಬೀದಿಯವರೆಲ್ಲ ಸೇರಿದ್ರು. ಒಬ್ಬ, ವಿಷ ಇಡಾಣ ಅಂದ. ಮೂಲೆಯಲ್ಲಿ ಕೂತಿದ್ದ ಅಜ್ಜಿ, "ಬೆಕ್ಕು ಕೊಂದೋರು ಚಿನ್ನದ ಬೆಕ್ಕು ಮಾಡ್ಸಿ ದಾನ ಕೊಡ್ಬೇಕಪ್ಪ, ಇಲ್ದಿದ್ರೆ ಪಾಪ ಕಳೆಯಲ್ಲ" ಅಂದ್ಲು. ಈಗಿನ ಚಿನ್ನದ ರೇಟು ನೆನಪಾಗಿ ಎಲ್ಲರಿಗೂ ಪ್ರಾಣಿದಯೆ ಉಕ್ಕಿ ಬಂತು. ಚೀಲಕ್ಕೆ ಹಾಕಿ ದೂರದ ಮಾರಿಕಣಿವೆ ಡ್ಯಾಮ್ ಹತ್ರ ಬಿಟ್ಟು ಬರೋದು ಅಂತ ತೀರ್ಮಾನ ಮಾಡಿದ್ರು.

"ಮರಿ ಹಾಕೈತೆ ಕಣ್ರಿ, ಅವಿನ್ನೂ ಕಣ್ಣೇ ಬಿಟ್ಟಿಲ್ಲ" ಅಂತ ಬೇಡಿಕೊಂಡೆ.

"ಮರಿ ನಿಮ್ಮ ಅಟ್ಟದ ಮೇಲೆ ಅವೆ ಅಲ್ವಾ? ಅವಕ್ಕೆ ನಾವೇನೂ ಮಾಡಲ್ಲ ಬಿಡ್ರಿ" ಅಂದ್ರು ಸಾಹುಕಾರರು, ದೊಡ್ಡ ಮನಸ್ಸು ಮಾಡಿ.

ಮೀನಿನ ಗಾಡಿ

ಮರುದಿನ ಬೆಳಗ್ಗೆ ನಾನು ಬ್ಲೌಸ್ ಕೊಟ್ಟು ಬರೋದರೊಳಗೆ ಬೆಕ್ಕು ಚೀಲ ಸೇರಿ ಹೋಗಿತ್ತು. ಮೂರು ಮರಿಗೂ ಹತ್ತಿಯಲ್ಲಿ ಹಾಲು ಅದ್ದಿ ಬಾಯಿಗಿಟ್ಟೆ, ಚೀಪಲಿಲ್ಲ. ಸಾಯಂಕಾಲಕ್ಕೆ ಒಂದು ಸತ್ತೇಹೋಯ್ತು. ಹಿತ್ತಲಲ್ಲಿ ಮಣ್ಣು ಮಾಡುವಾಗ ಎದುರು ಮನೆಯಲ್ಲಿ ಟೀವಿ ಜೋರಾಗಿ ಹಾಡ್ತಿತ್ತು. ಉಳಿದ ಎರಡನ್ನ ಹಳೇ ಸೀರೆಯಲ್ಲಿ ಬೆಚ್ಚಗೆ ಸುತ್ತಿಟ್ಟು, ಬೆಳಗ್ಗೆ ಬಸ್ ಹತ್ತಿ ಮಾರಿಕಣಿವೆಗೆ ಹೋದೆ.

ಅಲ್ಲಿ ಮೀನು ಮಾರುತ್ತಿದ್ದವನನ್ನ ಕೇಳಿದೆ.

"ಬೂದು ಬೆಕ್ಕಾ? ಈಗ ತಾನೇ ಮೀನಿನ ಗಾಡಿಯಾಗೆ ಕಳ್ಸಿದ್ವಲ್ಲಕ್ಕ" ಅಂದ. "ಹಿರಿಯೂರೋರು ತಂದು ಇಲ್ಲಿ ಬಿಡ್ತಾರೆ. ಸುಮ್ನಿದ್ರೆ ನಮ್ಮ ಮೀನು ಉಳೀತಾವಾ? ತಿರುಗಿ ಚೀಲಕ್ಕೆ ಹಾಕಿ ನಿಮ್ಮ ಮಂಡಿ ಹತ್ರ ಇಳಿಸ್ತೀವಿ. ಕೊಂದ ಪಾಪ ನಮಗೂ ಬ್ಯಾಡ ನೋಡ್ರಿ."

ಸಿಕ್ಕ ಬಸ್ಸಿಗೆ ವಾಪಸ್ ಬಂದೆ. ನನ್ನ ಮನೆ ಕಿಟಕಿ ಮುಂದೆ ಜನ ಮುತ್ತಿದ್ರು. ಒಳಗೆ ಬೆಕ್ಕು ಎರಡು ಮರಿಗೂ ಹಾಲೂಡಿಸ್ತಾ ಮಲಗಿತ್ತು. ಸಾಹುಕಾರರ ಹೆಂಡತಿ ಸರಳಿನ ಸಂದಿಯಿಂದ ಹೂವು ಹಾಕ್ತಿದ್ರು. ಸಾಹುಕಾರರು ಕೈ ಮುಗಿದು ನಿಂತಿದ್ರು.

"ಅಷ್ಟು ದೂರದಿಂದ ನಡ್ಕಂಡು ಬಂದೈತೆ. ಇದು ಬರೀ ಬೆಕ್ಕಲ್ಲಕ್ಕ, ದೇವ್ರು."

ಮೀನಿನ ಗಾಡಿ ಸುದ್ದಿ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ದೇವರು ಅಂದುಕೊಂಡರೆ ಮತ್ತೆ ಚೀಲಕ್ಕಂತೂ ಹಾಕಲ್ಲ. ಆದರೂ ಕೇಳಿಯೇಬಿಟ್ಟೆ: "ಹಂಗಾದ್ರೆ ದೇವ್ರಿಗೆ ದಿನಾ ಒಂದು ಲೋಟ ಹಾಲು ನಿಮ್ಮ ಮನೆಯಿಂದ ಬರ್ತೈತಾ?"

ಸಾಹುಕಾರರು ಮುಗಿದ ಕೈ ಇಳಿಸದೆ ಅಂದ್ರು: "ಪೂಜೆ ಏನಿದ್ರೂ ನಾವು ಮಾಡ್ತೀವಿ ಬಿಡ್ರಿ. ಹಾಲು ಮಾತ್ರ ನೀವೇ ಹಾಕ್ರಿ, ಅದಕ್ಕೆ ನಿಮ್ಮ ಕೈ ರೂಢಿ ಐತೆ."