ನಾಲ್ಕು ವಿಷಯ, ಮೂರು ಪ್ರತಿ

ನನ್ನ ಹೆಂಡತಿ ಆಗಾಗ ಕೇಳ್ತಿರ್ತಾಳೆ: "ಊರಲ್ಲಿ ಇಷ್ಟೊಂದು ಜನ ಮೇಷ್ಟ್ರು ಇದ್ದಾರೆ, ಇಂಥವೆಲ್ಲ ನಿಮ್ಮನ್ನೇ ಯಾಕೆ ಹುಡುಕ್ಕೊಂಡು ಬರ್ತವೆ?" ನನಗೂ ಗೊತ್ತಿಲ್ಲ. ಬರೋದಂತೂ ಬರ್ತವೆ, ಅದೂ ಪ್ರಾಜೆಕ್ಟಿನ ಕಾಲಕ್ಕೆ ಸರಿಯಾಗಿ.

ನಾನು ಪಾಂಡವಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷದಿಂದ ಅತಿಥಿ. ಇಷ್ಟು ದಿನ ಕೂತ ಅತಿಥಿಗೆ ಯಾರ ಮನೇಲೂ ಕಾಫಿ ಕೊಡಲ್ಲ, ಕಾಲೇಜೂ ಕೊಡಲ್ಲ. ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರ ಎಲ್ಲಾ ಕಲಸಿದ ಒಂದು ಎಂ.ಎ.ಗೆ ಪಾಠ ಮಾಡ್ತೀನಿ. ನಮ್ಮ ವಿಭಾಗ ಅಂದರೆ ವರಾಂಡದ ಕೊನೆ. ಎರಡು ಬೀರು ಅಡ್ಡ ಇಟ್ಟು, ನಡುವೆ ಓಡಾಡೋಕೆ ಜಾಗ ಬಿಟ್ಟಿದ್ದಾರೆ. ಬೀರುಗಳ ಆಚೆ ಈಚೆ ಕೂಡ ಎಮ್ಮೆ ನುಗ್ಗೋವಷ್ಟು ಸಂದಿ ಇದೆ.

ಈ ವರ್ಷ ಇದ್ದದ್ದು ನಾಲ್ಕೇ ಜನ. ಪ್ರಿನ್ಸಿಪಾಲರು ಕರೆದು ಹೇಳಿದರು, "ಏನ್ರೀ, ಮುಂದಿನ ಶುಕ್ರವಾರ ಯೂನಿವರ್ಸಿಟಿಯವರು ತಪಾಸಣೆಗೆ ಬರ್ತಾರೆ. ನಾಲ್ಕು ಜನದ ಪ್ರಾಜೆಕ್ಟ್ ವಿಷಯ ಪಟ್ಟೀಲಿ ಇರಬೇಕು, ವಿಭಾಗಕ್ಕೆ ಅಂತ ಒಂದು ಕೋಣೆ ಕಾಣಬೇಕು. ಇಲ್ಲದಿದ್ರೆ ಕೋರ್ಸ್ ಮುಚ್ತಾರೆ. ಆ ಮೂಲೇಲಿ ನಾನು ಮುರಿದ ಬೆಂಚು ಹಾಕಿಸ್ತೀನಿ." ಕೋರ್ಸ್ ಹೋದರೆ ನಾನೂ ಹೋದೆ ಅಂತಲೇ ಲೆಕ್ಕ. ಈ ವಯಸ್ಸಿನಲ್ಲಿ ಇನ್ನೆಲ್ಲಿ ಅತಿಥಿಯಾಗಲಿ? ಹೆದರಿಕೆ ಆಯ್ತು, ನಾಲ್ಕು ಜನರ ಹತ್ರಾನೂ ಹೇಳ್ಕೊಂಡೆ.

ಹೂವು ಕೇಳಿದ್ದು

ಗಂಜಾಂನ ಅರ್ಚಕರ ಮನೆ ಹುಡುಗಿ ಎರಡು ವಿಷಯ ಹಿಡ್ಕೊಂಡು ಒದ್ದಾಡ್ತಿದ್ದಳು. ಕೋಟೆಯೋ, ಮದುವೆ ಹಾಡೋ? ಒಂದು ಆರಿಸಮ್ಮ ಅಂದೆ.

"ಅಪ್ಪನ ಕೈಲಿ ದೇವರ ಹತ್ರ ಹೂ ಪ್ರಸಾದ ಕೇಳಿಸಿದೆ ಸಾರ್. ಬಲಗಡೆ ಬಿದ್ರೆ ಕೋಟೆ, ಎಡಗಡೆ ಬಿದ್ರೆ ಹಾಡು."

"ಎಲ್ಲಿ ಬಿತ್ತು?"

"ಅಪ್ಪ ತಟ್ಟೆ ತಗೊಳ್ಳೋಕೆ ಬಗ್ಗಿದ್ರು. ಅವರ ತಲೆ ಮೇಲೆ ಬಿತ್ತು."

ಸಂಜೆ ಅಪ್ಪನೇ ಫೋನ್ ಮಾಡಿದರು. ಜನ ಹೂ ಕೇಳೋಕೆ ಬರೋದು ಮೊದಲೇ ತೀರ್ಮಾನ ಮಾಡ್ಕೊಂಡಂತೆ. ಎಡಕ್ಕೆ ಬಿದ್ದರೆ "ಇನ್ನೊಂದ್ಸಲ ಕೇಳಿ ಸ್ವಾಮಿ" ಅಂತಾರಂತೆ. "ಯಾರು ಏನೇನು ಕೇಳ್ತಾರೆ ಅನ್ನೋದನ್ನೇ ಅವಳು ಬರೀಲಿ, ನಾನು ಹೇಳ್ತೀನಿ" ಅಂದರು. ವಿಷಯ ನಿಜಕ್ಕೂ ಚೆನ್ನಾಗಿತ್ತು, ಬರ್ಕೊಂಡೆ. ಫೋನ್ ಇಡೋ ಮುಂಚೆ ಮೆಲ್ಲಗೆ ಕೇಳಿದರು, "ಪ್ರಸಾದ ಆಗಿರೋದು ನನಗೆ. ಹಾಜರಾತಿಗೆ ನಾನೂ ಬರಬೇಕಾ, ಅವಳು ಬಂದ್ರೆ ಸಾಕಾ?"

ಟ್ರಾಕ್ಟರಿನ ಬೆನ್ನು

ಅಕ್ಕಿಹೆಬ್ಬಾಳಿನ ಹುಡುಗ ಚುರುಕು. ಕಬ್ಬಿನ ಟ್ರಾಕ್ಟರುಗಳ ಹಿಂದೆ ಬರೆದಿರೋ ಸಾಲುಗಳನ್ನ ಕಲೆಹಾಕ್ತೀನಿ ಅಂತ ಮಾಕವಳ್ಳಿ ಫ್ಯಾಕ್ಟರಿ ರಸ್ತೇಲಿ ನಿಂತ. ಕೈಲಿ ನೋಟ್‌ಬುಕ್ಕು, ಫೋಟೋ ತೆಗೆಯೋ ಫೋನು. ಗ್ರಹಚಾರಕ್ಕೆ ಅವತ್ತೇ ಖಾಕಿ ಪ್ಯಾಂಟು ಹಾಕಿದ್ದ.

ಮಾರನೇ ದಿನ ಅಳು ಮುಖ ಮಾಡ್ಕೊಂಡು ಬಂದ. "ಕೆಟ್ಟೋಯ್ತು ಸಾ. ನನ್ನ ಆರ್‌ಟಿಒ ಅಂದ್ಕೊಂಡು ಎಲ್ಲಾರೂ ಬರ್ದಿದ್ದರ ಮೇಲೆ ಬಣ್ಣ ಬಳ್ದುಬುಟ್ಟವ್ರೆ. ವಿಷಯಾನೇ ಇಲ್ಲ."

ಹೋಗಿ ನೀನು ಯಾರು ಅಂತ ಹೇಳು ಅಂತ ಕಳಿಸಿದೆ. ಹೇಳಿದನಂತೆ. ಒಬ್ಬ ಡ್ರೈವರು ಸೀಟಿನಿಂದ ಇಳಿದು ಬಂದ. "ಮೊದ್ಲೇ ಬೊಗಳಕ್ಕೆ ಏನಾಗಿತ್ಲಾ? ಬಳ್ದಿದ್ದಾಯ್ತಲ್ಲ, ಈಗ ನೀನೇ ಒಂದು ಬರ್ಕೊಡು. ಎಂ.ಎ. ಓದಿದ್ದೀಯ ಕಣ್ಲಾ." ಒಬ್ಬನಿಗೆ ಬರೆದರೆ ಹಿಂದಿನವನು ಬಿಡ್ತಾನಾ? ಮೂರು ದಿನ ಬ್ರಶ್ ಹಿಡಿದು ಬರೆದ. ಈಗ ಅವನು ಸಂಶೋಧನೆ ಮಾಡ್ತಿರೋದು ತಾನೇ ಬರೆದದ್ದನ್ನ.

ಅರಗಿನ ಮುದ್ರೆ

ಮೂರನೇ ವಿದ್ಯಾರ್ಥಿ ನಾಗಮಂಗಲದ ಚಿನ್ನದ ಕೆಲಸದವರು, ನನಗಿಂತ ಎರಡು ವರ್ಷ ದೊಡ್ಡವರು. ಒಂದು ಲಕೋಟೆ ತಂದು ಮೇಜಿನ ಮೇಲಿಟ್ಟರು. ಅರಗು ಕರಗಿಸಿ ಮುದ್ರೆ ಒತ್ತಿದ್ದರು.

"ಇದರೊಳಗೆ ವಿಷಯ ಅದೆ ಮೇಷ್ಟ್ರೇ. ಪರೀಕ್ಷೆ ಮುಗಿದ್ಮೇಲೆ ಒಡೀರಿ."

"ವಿಷಯ ಗೊತ್ತಿಲ್ಲದೆ ನಾನೇನು ಮಾರ್ಗದರ್ಶನ ಮಾಡಲಿ?"

"ಮುಗೀದಿರೋ ಒಡವೆ ನಾವು ಯಾರಿಗೂ ತೋರ್ಸಲ್ಲ. ಈಗ ಹೇಳ್ಬುಟ್ರೆ ಪಕ್ಕದಂಗ್ಡಿಯೋನು ಮಾಡ್ಬುಡ್ತಾನೆ."

ಪಕ್ಕದಂಗಡಿಯವನು ಎಂ.ಎ. ಓದ್ತಿಲ್ಲ ಅಂದೆ. "ಸೇರ್ಕೊಂಡ್ರೆ?" ಅಂದರು. ಇಡೀ ಮಧ್ಯಾಹ್ನ ಗೋಗರೆದೆ, ಜಗ್ಗಲಿಲ್ಲ. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ "ಗೋಪ್ಯ" ಅಂತ ಬರೆದೆ.

ಬಾಗಿಲುವಾಡ

ಉಳಿದವನು ಪಾಂಡವಪುರದವನೇ, ಬಡಗಿ ಮನೆ ಹುಡುಗ. ಗುರುವಾರದವರೆಗೂ ವಿಷಯ ಇಲ್ಲ. "ಬರೆಯಕ್ಕಾಗಕಿಲ್ಲ ಸಾ. ಮಾಡಕ್ಕಾದ್ರೆ ಮಾಡ್ತೀನಿ" ಅಂತಿದ್ದ. ನಿಯಮದ ಪುಸ್ತಕ ತೆಗೆದು ನೋಡಿದೆ. ಪ್ರಬಂಧ ಆಗಬಹುದು, ಇಲ್ಲವೇ ಸ್ವಂತ ಕೃತಿ, ಮೂರು ಪ್ರತಿ ಸಲ್ಲಿಸಬೇಕು. ಅದನ್ನೇ ಓದಿ ಹೇಳಿದೆ. ಅಷ್ಟೇ ನಾನು ಮಾಡಿದ್ದು.

ಶುಕ್ರವಾರ ಬೆಳಿಗ್ಗೆ ಗೂಡ್ಸ್ ಆಟೋ ಬಂತು. ಮೇಲೆ ಮೂರು ಬಾಗಿಲುವಾಡ. ಹೊಸಿಲು, ಎರಡು ಕಂಬ, ಮೇಲೊಂದು ಅಡ್ಡಪಟ್ಟಿ, ಅಷ್ಟೇ. ಕದ ಇಲ್ಲ.

"ಇದೇನಪ್ಪ?"

"ಪ್ರಾಜೆಕ್ಟು ಸಾ. ಮನೇಲಿ ಎಂದೋ ಮಾಡಿಟ್ಟಿದ್ವು, ಕೆತ್ತನೆ ನಂದು. ಮೂರು ಪ್ರತಿ ಅಂದ್ರಲ್ಲ."

ನನಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ. ಒಂದನ್ನ ಇಳಿಸಿ ವರಾಂಡಕ್ಕೆ ತಂದ. ಅಟೆಂಡರು ಓಡಿ ಬಂದ. "ಅರಿಸಿನ ಕುಂಕುಮ ಇಟ್ಟವ್ನೆ ಸಾ. ಇದನ್ನ ನೆಲದ ಮೇಲೆ ಮಲಗಿಸ್ಬಾರ್ದು, ನಿಲ್ಲಿಸ್ಬುಡಬೇಕು." ನಿಲ್ಲಿಸೋದೆಲ್ಲಿ? ಹುಡುಗ ಸೀದಾ ತಂದು ಎರಡು ಬೀರು ಮಧ್ಯೆ ನಿಲ್ಲಿಸಿದ. ಕೂದಲೆಳೆ ಹೆಚ್ಚು ಕಮ್ಮಿ ಇಲ್ಲ. ಅಳತೆ ಮೊದಲೇ ತಗೊಂಡು, ಬೀರುಗಳನ್ನ ಹಿಂದಿನ ದಿನವೇ ಜರುಗಿಸಿಟ್ಟಿದ್ದ ಕಳ್ಳ.

"ಯಾಕ್ಲಾ ಇದೆಲ್ಲ?" ಅಂದೆ.

"ಕೋಣೆ ಕಾಣ್ಬೇಕು ಅಂದಿದ್ರಲ್ಲ. ನೀವು ಹೋಗ್ಬುಟ್ರೆ ನಮಗ್ಯಾರು ಸಾ?"

ಹನ್ನೊಂದು ವರ್ಷದಲ್ಲಿ ನನಗೆ ಯಾರೂ ಇಂಥ ಮಾತು ಹೇಳಿರಲಿಲ್ಲ. ಅಷ್ಟರಲ್ಲಿ ಗಂಜಾಂನ ಅರ್ಚಕರು ಹಾಜರಾತಿ ಹಾಕೋಕೆ ಬಂದೇ ಬಿಟ್ಟರು. ಬಾಗಿಲುವಾಡ ನೋಡಿದ ಮೇಲೆ ಅವರು ಸುಮ್ಮನಿರ್ತಾರಾ? ಮಾವಿನ ಸೊಪ್ಪು ಕಟ್ಟಿಸಿ, ಕಾಯಿ ಒಡೆದು ಪೂಜೆ ಮಾಡಿದರು.

ಪ್ರಿನ್ಸಿಪಾಲರು ಕೆಂಡವಾಗಿ ಬಂದರು. "ಏನ್ರೀ ಇದು? ತೆಗೆಸಿ ಮೊದಲು."

ಹುಡುಗ ಕೈಕಟ್ಟಿ ನಿಂತ. "ತೆಗೀಬೋದು ಸಾ. ಪೂಜೆ ಆಗಿರೋ ಬಾಗ್ಲು ಕಿತ್ತೋರ ಮನೆ ಏನಾಯ್ತದೆ ಅಂತ ನಾನು ಹೇಳಕ್ಕಿಲ್ಲ."

ಪ್ರಿನ್ಸಿಪಾಲರು ಆಗ ಹೊಸ ಮನೆ ಕಟ್ಟಿಸ್ತಿದ್ದರು. ಬಾಗಿಲುವಾಡದ ಕಡೆ ಒಂದು ಸಲ ನೋಡಿ, ಕೈಮುಗಿದು ವಾಪಸ್ ಹೋದರು.

ತಪಾಸಣೆಯವರು ಇಬ್ಬರು. ಹೊಸಿಲ ಹತ್ತಿರ ಚಪ್ಪಲಿ ಬಿಟ್ಟು, ಬಲಗಾಲಿಟ್ಟು ಒಳಗೆ ಬಂದರು. ಆಚೆ ಈಚೆ ಗೋಡೆ ಇಲ್ಲ ಅನ್ನೋದನ್ನ ಅವರು ನೋಡಿದರೋ ಇಲ್ಲವೋ, ನಾನಂತೂ ತೋರಿಸಲಿಲ್ಲ. ತಾಂಬೂಲ ತಗೊಂಡು, ಪಟ್ಟಿ ಓದಿ, "ಗೋಪ್ಯ" ಹತ್ತಿರ ಬಂದಾಗ ಗಂಭೀರವಾಗಿ ತಲೆಯಾಡಿಸಿದರು. "ವಿಭಾಗಕ್ಕೆ ಪ್ರತ್ಯೇಕ ಕೋಣೆ ಇದೆ" ಅಂತ ಬರೆದು ಸಹಿ ಹಾಕಿದರು. ಯೂನಿವರ್ಸಿಟಿಗೆ ಸಲ್ಲಬೇಕಾದ ಒಂದು ಪ್ರತಿ ಅವರ ಕಾರಿನಲ್ಲಿ ಹಿಡೀಲಿಲ್ಲ, ಗೂಡ್ಸ್ ಆಟೋದಲ್ಲೇ ಅವರ ಹಿಂದೆ ಕಳಿಸಿದ್ವಿ.

ಕೋರ್ಸ್ ಉಳೀತು, ನಾನೂ ಉಳಿದೆ. ಆಮೇಲಿಂದ ಆ ಸಂದಿಗಳಲ್ಲಿ ಯಾರೂ ನುಗ್ಗಲ್ಲ, ಎಲ್ಲರೂ ಬಾಗಿಲಿಂದಲೇ ಬರ್ತಾರೆ.

ಸೋಮವಾರ ಪ್ರಿನ್ಸಿಪಾಲರು ಬಂದರು. ಹೊಸಿಲಾಚೆ ನಿಂತು ಬಾಗಿಲುವಾಡದ ಮರದ ಮೇಲೆ ಎರಡು ಸಲ ತಟ್ಟಿದರು. "ಸಾರ್, ಆ ಮೂರನೇ ಪ್ರತಿ ಉಳಿದಿದೆಯಲ್ಲ, ನಮ್ಮ ಹೊಸ ಮನೆಗೆ... ಒಳಗೆ ಬರಬಹುದಾ?"

ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನನ್ನ "ಸಾರ್" ಅಂದಿದ್ದರು. ನಾನು ನಿಧಾನಕ್ಕೆ ಎದ್ದೆ.

"ಒಂದು ನಿಮಿಷ ಸಾರ್, ಬಾಗ್ಲು ತೆಗೀತೀನಿ" ಅಂದೆ.

ಪಾಪ, ಕಾದರು.