ಜಲಜನಕದ ಪೊರಕೆ

ಐಲಿಫ್ ಮಾಡಿದ ತಪ್ಪು ಇಷ್ಟೇ: ಮಂಗಳವಾರ ಸಂಜೆ ಕಾರ್ಖಾನೆಯ ಪೊರಕೆಯನ್ನು ಮನೆಗೆ ತಂದ. ಮನೆಯ ಪೊರಕೆ ಮುರಿದಿತ್ತು, ಮೆಟ್ಟಿಲ ಮೇಲೆ ಮಂಡಿಯುದ್ದ ಹಿಮ ಕೂತಿತ್ತು, ಬೆಳಿಗ್ಗೆ ವಾಪಸು ಇಟ್ಟರಾಯಿತು ಎಂದುಕೊಂಡ. ಬೆಳಿಗ್ಗೆ ಮರೆತ.

ಪೊರಕೆ ತಾನೇ ಎಂದು ಮೂಗು ಮುರಿಯಬೇಡಿ. ನಾರ್ವೆಯ ಉತ್ತರದ ತುದಿಯ ಆ ದ್ವೀಪದಲ್ಲಿ ಸಮುದ್ರದಡಿಯಿಂದ ಬರುವ ಅನಿಲಕ್ಕೆ ಕಾದ ಹಬೆ ಹಾಯಿಸಿ ಜಲಜನಕ ತೆಗೆಯುತ್ತಾರೆ, ಟ್ಯಾಂಕುಗಳಲ್ಲಿ ತುಂಬಿಡುತ್ತಾರೆ. ಅದಕ್ಕೆ ವಾಸನೆಯಿಲ್ಲ. ಸೋರಿ ಹೊತ್ತಿಕೊಂಡರೆ ಹಗಲಲ್ಲಿ ಉರಿಯೂ ಕಾಣದು. ಪತ್ತೆ ಹಚ್ಚುವ ಯಂತ್ರಗಳೇನೋ ಇವೆ, ಆದರೆ ಚಳಿ ಜೋರಾದ ದಿನ ಅವೂ ಮುದುರಿ ಮಲಗುತ್ತವೆ. ಅದಕ್ಕೇ ಅಲ್ಲೊಂದು ಹಳೇ ಕಟ್ಟಳೆ: ಟ್ಯಾಂಕಿನ ಬಳಿ ಹೋಗುವವನು ಒಣಕಡ್ಡಿಯ ಪೊರಕೆಯನ್ನು ಮುಂದೆ ಚಾಚಿಕೊಂಡೇ ನಡೆಯಬೇಕು. ಪೊರಕೆ ಹೊತ್ತಿಕೊಂಡಿತೋ, ಹಿಂದಕ್ಕೆ ಓಡಬೇಕು. ಇಡೀ ದ್ವೀಪದಲ್ಲಿ ಒಂದು ಮರವಿಲ್ಲ. ಪೊರಕೆಯ ಕಡ್ಡಿಯೂ ಹಿಡಿಯೂ ಹಡಗಿನಲ್ಲಿ ಬಂದಂಥವು.

ಆ ಪೊರಕೆಯ ಜವಾಬ್ದಾರಿ ಐಲಿಫನದು. ಅವನ ಆರು ತಿಂಗಳ ಪರೀಕ್ಷಾ ಅವಧಿ ಆ ಬುಧವಾರಕ್ಕೆ ಮುಗಿಯುತ್ತಿತ್ತು. ಎರಡು ಗಂಟೆಯ ಹಡಗಿಗೆ ತಪಾಸಣೆಯ ಅಧಿಕಾರಿ ಬಂದು ಎಲ್ಲ ನೋಡಿ ಸಹಿ ಹಾಕಿದರೆ ಕೆಲಸ ಖಾಯಂ. ಒಂದು ಗಂಟೆಗೆ ಐಲಿಫ್ ಗೋಡೆಯ ಖಾಲಿ ಮೊಳೆಯನ್ನು ನೋಡಿದ. ಮನೆಯ ಕಡೆ ಓಟ ಕಿತ್ತ.

"ಪೊರಕೆ ಎಲ್ಲಿ?" ಎಂದ ಏದುಸಿರಲ್ಲಿ.

"ಬೊರ್ಗಿಲ್ಡ್ ಅಜ್ಜಿ ಕೇಳಿದ್ರು, ಕೊಟ್ಟೆ," ಎಂದಳು ಹೆಂಡತಿ ರೈದುನ್. "ಆಗಲ್ಲ ಅನ್ನೋಕಾಗುತ್ತೇನ್ರೀ? ನಾವು ಕೂತಿರೋ ಕುರ್ಚಿ ಅವರು ಕೊಟ್ಟಿದ್ದು."

ಅದು ನಿಜ. ಎರಡು ವರ್ಷದ ಹಿಂದೆ ದೋಣಿ ಮುಳುಗಿ, ಉಟ್ಟ ಬಟ್ಟೆಯಲ್ಲಿ ಈ ದ್ವೀಪಕ್ಕೆ ಬಂದಿಳಿದಾಗ ಕುರ್ಚಿ, ಒಲೆ, ಹಾಸಿಗೆ, ಕಾಲಿಗೆ ಬೂಟು ಎಲ್ಲವನ್ನೂ ಕೊಟ್ಟದ್ದು ಈ ಊರೇ. ಅದನ್ನು ನೆನೆದರೆ ಐಲಿಫನಿಗೆ ಈಗಲೂ ಕಣ್ಣು ತುಂಬುತ್ತಿತ್ತು. ಈ ಜನರ ಮೇಲೆ ದನಿ ಏರಿಸುವುದು ಅವನಿಂದಾಗದು.

ಬೊರ್ಗಿಲ್ಡ್ ಅಜ್ಜಿ ಅವನನ್ನು ಕೂರಿಸಿ, ಬಿಸಿ ವಾಫೆಲ್ ದೋಸೆಯ ಮೇಲೆ ಕಂದು ಚೀಸ್ ಇಟ್ಟು ಕೈಗೆ ಕೊಟ್ಟರು. ತಿನ್ನದೆ ಮಾತಿಲ್ಲ.

"ಅಜ್ಜೀ, ಪೊರಕೆ..."

"ಹಾಲ್ವರ್ ಒಯ್ದ, ದೋಣಿ ಮೇಲಿನ ಹಿಮ ಗುಡಿಸೋಕೆ. ಹೆದರಬೇಡ ಕಣಪ್ಪ, ಇದ್ದ ಹಾಗೇ ವಾಪಸು ಕೊಡೋಕೆ ನಮಗೇನು ಮಾನ ಇಲ್ವಾ? ಹಿಡಿ ಸೀಳು ಬಿಟ್ಟಿತ್ತು. ಅಲ್ಯೂಮಿನಿಯಂ ಕೊಳವೆ ಹಾಕಿಸಿದೀನಿ. ನಿನ್ನ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ."

ಐಲಿಫ್ ವಾಫೆಲ್ ಅಗಿಯುವುದನ್ನು ನಿಲ್ಲಿಸಿದ. ಟ್ಯಾಂಕಿನ ಬಳಿ ಲೋಹ ಲೋಹಕ್ಕೆ ತಗುಲಿದರೆ ಕಿಡಿ. "ಹಳೇ ಹಿಡಿ ಎಲ್ಲಜ್ಜೀ?"

"ಒಲೆಗೆ ಹಾಕಿದೆ. ನೀನು ತಿಂತಿರೋದು ಬೆಂದಿದ್ದು ಅದರಲ್ಲೇ."

ಎರವಲು ತಂದದ್ದನ್ನು ತಂದಂತೆಯೇ ಹಿಂದಿರುಗಿಸುವುದು ಆ ದ್ವೀಪದಲ್ಲಿ ನಾಚಿಕೆಗೇಡು. ಇನ್ನಷ್ಟು ಚೆನ್ನಾಗಿ ಮಾಡಿಯೇ ಕೊಡಬೇಕು. ಐಲಿಫ್ ಕೈ ಮುಗಿಯುವುದೊಂದು ಬಾಕಿ, "ದೊಡ್ಡ ಉಪಕಾರ ಆಯ್ತಜ್ಜಿ," ಎಂದು ದೋಣಿಗಳು ನಿಲ್ಲುವ ದಕ್ಕೆಯತ್ತ ಓಡಿದ. ಹಿಡಿ ಹೋದರೆ ಹೋಗಲಿ, ಕಡ್ಡಿ ಉಳಿದಿದ್ದರೆ ಸಾಕಿತ್ತು.

ಮೀನುಗಾರ ಹಾಲ್ವರ್ ಮಾವ ದೋಣಿಯ ಅಂಚಿನಲ್ಲಿ ಕೂತು ಕೊನೆಯ ಗಂಟು ಬಿಗಿಯುತ್ತಿದ್ದ. ಪೊರಕೆಯ ತುದಿಯಲ್ಲಿ ಕಡ್ಡಿಯ ಬದಲು ಹಸಿರು ನೈಲಾನ್ ಹಗ್ಗದ ಎಳೆಗಳು ಹುಲುಸಾಗಿ ಹರಡಿದ್ದವು.

"ಬಾರಯ್ಯಾ! ಕಡ್ಡಿ ಎಲ್ಲಾ ಉದುರ್ತಿತ್ತು. ಬಲೆ ಹಗ್ಗ ಕಟ್ಟಿದೀನಿ. ನೀರಲ್ಲಿ ನೆನೆಯಲ್ಲ, ಕೊಳೆಯಲ್ಲ."

"ಆ ಕಡ್ಡಿ, ಮಾವ?"

"ಮೀನಿಗೆ ಹೊಗೆ ಹಾಕೋಕೆ ಉರಿಸಿದೆ. ಏನು ಕಡ್ಡಿ ಅಂತೀಯ! ಬೆಂಕಿ ತೋರ್ಸೋ ಮುಂಚೆನೇ ಭಗ್ ಅಂತು."

"ಅದರ ಕೆಲಸಾನೇ ಅದು, ಮಾವ," ಎಂದ ಐಲಿಫ್, ಅಳುವ ದನಿಯಲ್ಲಿ. ಮಾವ ಅದನ್ನು ಸಂತೋಷವೆಂದುಕೊಂಡು, ಅದೇ ಹೊಗೆಯಲ್ಲಿ ಬೆಂದ ದೊಡ್ಡದೊಂದು ಮೀನನ್ನೂ ಅವನ ಕಂಕುಳಿಗೆ ಸಿಕ್ಕಿಸಿದ. ಆ ಮಾವನೇ ಅಲ್ಲವೇ ಮೊದಲ ಚಳಿಗಾಲದಲ್ಲಿ ವಾರಕ್ಕೆರಡು ಸಲ ಬಾಗಿಲಲ್ಲಿ ಮೀನಿಟ್ಟು ಸದ್ದಿಲ್ಲದೆ ಹೋಗುತ್ತಿದ್ದವನು! ಐಲಿಫ್ ಅವನನ್ನು ತಬ್ಬಿಕೊಂಡ. ಅಷ್ಟರಲ್ಲಿ ಹಡಗು ಕೂಗಿತು. ಬೇರೆ ದಾರಿಯಿಲ್ಲದೆ ಅದೇ ಪೊರಕೆಯನ್ನು ಒಯ್ದು ಮೊಳೆಗೆ ನೇತುಹಾಕಿದ.

ತಪಾಸಣೆಯ ಅಧಿಕಾರಿ ತೊರ್ಮೋದ್ ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಕೊಳವೆಗಳ ಕವಾಟ ನೋಡಿದರು, ಟ್ಯಾಂಕು ನೋಡಿದರು, ಎಲ್ಲಕ್ಕೂ ತಲೆಯಾಡಿಸಿದರು. ಕೊನೆಗೆ ಮೊಳೆಯ ಮುಂದೆ ನಿಂತರು. ಬೆಳ್ಳಿ ಬಣ್ಣದ ಹಿಡಿ, ಹಸಿರು ಕೂದಲಿನ ಪೊರಕೆ ಮದುವಣಗಿತ್ತಿಯ ಹಾಗೆ ಮಿಂಚುತ್ತಿತ್ತು.

"ಏನಿದು?"

ಐಲಿಫನಿಗೆ ಸುಳ್ಳು ಹೇಳಲು ಬಾರದು. ಮೆಟ್ಟಿಲಿನಿಂದ ಮೀನಿನವರೆಗೆ ಎಲ್ಲವನ್ನೂ ಒಪ್ಪಿಸಿದ. "ತಪ್ಪೆಲ್ಲಾ ನಂದೇ ಸಾರ್. ಅವರು ಒಳ್ಳೇದಕ್ಕೇ ಮಾಡಿದ್ದು. ಅವರ ಹೆಸರು ಮಾತ್ರ ಬರೀಬೇಡಿ."

ತೊರ್ಮೋದರ ತುಟಿ ಅದುರಿತು. ಆಮೇಲೆ ಭುಜ, ಆಮೇಲೆ ಹೊಟ್ಟೆ. ಕಣ್ಣೊರೆಸಿಕೊಳ್ಳುತ್ತ ನಕ್ಕರು.

"ನಮ್ಮಮ್ಮ ಇದೇ ದ್ವೀಪದವಳು ಮಾರಾಯ! ಒಂದ್ಸಲ ಪಕ್ಕದ ಮನೆಯಿಂದ ಬೆಕ್ಕನ್ನ ಇಲಿ ಹಿಡಿಯೋಕೆ ಅಂತ ತಂದು, ಸ್ನಾನ ಮಾಡಿಸಿ ವಾಪಸು ಕಳಿಸಿದ್ಲು. ಈ ಜನಾನ ಬೈಯೋಕಾಗುತ್ತಾ? ನಿನ್ನ ಕೆಲಸ ಯಾರೂ ಕಿತ್ಕೊಳ್ಳಲ್ಲ, ಸಮಾಧಾನ ಮಾಡ್ಕೋ."

ಐಲಿಫನ ಎದೆಯ ಮೇಲಿನ ಬಂಡೆ ಉರುಳಿತು. "ಹಾಗಾದ್ರೆ ಸಹಿ, ಸಾರ್?"

"ಪೊರಕೆ ಇಲ್ದೆ ಸಹಿ ಹ್ಯಾಗೆ ಹಾಕ್ಲಿ? ಒಂದು ಕೆಲಸ ಮಾಡ್ತೀನಿ. ಇದು ಸರಿಯಾಗೋ ತನಕ ಓಡಾಟಕ್ಕೆ ಹಡಗಿನವರ ಕಡ್ಡಿ ಪೊರಕೆ ಇಲ್ಲಿಗೆ ಕೊಡಿಸ್ತೀನಿ, ಆದ್ರೆ ಎರವಲಿನದಕ್ಕೆ ಸಹಿ ಹಾಕೋ ಹಾಗಿಲ್ಲ. ಇದನ್ನ ನಾನು ಎರವಲು ಒಯ್ತೀನಿ, ಆಚೆ ದಡದಲ್ಲಿ ಮರದ ಹಿಡಿ, ಒಣಕಡ್ಡಿ ಹಾಕಿಸ್ತೀನಿ. ಮುಂದಿನ ತಪಾಸಣೆಗೆ ಬರೋವಾಗ ನಾನೇ ತರ್ತೀನಿ, ಅವತ್ತೇ ಸಹಿ." ಪೊರಕೆಯನ್ನು ಹೆಗಲಿಗೇರಿಸಿ ಎದೆ ತಟ್ಟಿಕೊಂಡರು. "ಇದ್ದದ್ದಕ್ಕಿಂತ ಚೆನ್ನಾಗಿ ಮಾಡ್ಸೇ ಕೊಡೋದು. ನಾನೂ ಈ ಊರಿನವಳ ಮಗ!"

ಮುಂದಿನ ತಪಾಸಣೆ ಇನ್ನಾರು ತಿಂಗಳಿಗೆ. ಐಲಿಫ್ ಅವರಿಗೂ ಉಪಕಾರ ಹೇಳಿದ, ಮನಸಾರೆಯೇ ಹೇಳಿದ. ಮನೆ ಸೇರುವಾಗ ಮೆಟ್ಟಿಲ ಮೇಲೆ ಮತ್ತೆ ಮಂಡಿಯುದ್ದ ಹಿಮ. ಬಾಗಿಲಲ್ಲಿ ರೈದುನ್.

"ಪೊರಕೆ ಸಿಕ್ತಾ?"

"ಸಿಕ್ತು. ಮತ್ತೆ ಎರವಲು ಹೋಯ್ತು."

"ಕೆಲಸ?"

"ಅದೂ ಪೊರಕೆ ಜೊತೇಲೇ ಹೋಗಿದೆ," ಎಂದ ಐಲಿಫ್, ಮೀನಿನ ಬಾಲ ಹಿಡಿದು ಅದರಲ್ಲೇ ಮೊದಲ ಮೆಟ್ಟಿಲು ಗುಡಿಸುತ್ತ. "ಚೆನ್ನಾಗಿ ಆಗಿ ಬರುತ್ತಂತೆ."